ಇಪ್ಪತ್ತಡಿ ಗಲ್ಲಿಯ ಮಣ್ಣಿನ ಲೆಕ್ಕ

ಮೈಸೂರಿನ ಅಗ್ರಹಾರದ ಆಸುಪಾಸಿನ ಒಂದು ಗಲ್ಲಿಯಲ್ಲಿ ಹಳೇ ಒಳಚರಂಡಿ ಪೈಪು ತೆಗೆದು ಹೊಸದು ಹಾಕುವ ಸಬ್-ಕಾಂಟ್ರ್ಯಾಕ್ಟು ಸಿಕ್ಕಿದಾಗ ನಾನು ಕೂತು ಲೆಕ್ಕ ಹಾಕಿದ್ದು ಪೈಪಿಗೆ, ಮ್ಯಾನ್‌ಹೋಲಿಗೆ, ಜೆಸಿಬಿ ಬಾಡಿಗೆಗೆ. ಮಣ್ಣಿಗೆ ಅಂತ ಎಸ್ಟಿಮೇಟಿನಲ್ಲಿ ಇದ್ದದ್ದು ಒಂದೇ ಸಾಲು, 'ಹೆಚ್ಚುವರಿ ಮಣ್ಣು ಸಾಗಣೆ'. ಮೊದಲ ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಆ ಸಾಲೇ.

ಗಲ್ಲಿಯ ಅಗಲ 20 ಅಡಿ, ಅಂದರೆ 6 ಮೀಟರ್. ಪೈಪು ಕೂರಿಸಲು ತೋಡುವ ಟ್ರೆಂಚು 1 ಮೀಟರ್ ಅಗಲ, 2 ಮೀಟರ್ ಆಳ. ಮೀಟರಿಗೆ 2 ಘನ ಮೀಟರ್ ಮಣ್ಣು, ಅಷ್ಟೇ ತಾನೆ ಅಂದುಕೊಂಡಿದ್ದೆ. ನೆಲದಲ್ಲಿ ಒತ್ತಿಕೊಂಡು ಕೂತಿದ್ದ ಮಣ್ಣು ಬಕೆಟ್ಟಿಗೆ ಬಂದ ಕೂಡಲೇ ಉಬ್ಬುತ್ತದೆ. ನಮ್ಮ ಕೆಂಪು ಮಣ್ಣು ನೂರಕ್ಕೆ 25ರ ಹತ್ತಿರ ಉಬ್ಬುತ್ತದೆ. ಬ್ರೇಕರಿನಲ್ಲಿ ಒಡೆದ ಬಂಡೆಯಾದರೆ 50ರವರೆಗೂ ಹೋಗುತ್ತದೆ. ಹಾಗಾಗಿ 2 ಅನ್ನುವುದು ಎರಡೂವರೆ ಆಯಿತು. ಎರಡೂವರೆ ಘನ ಮೀಟರನ್ನು ಪಕ್ಕದಲ್ಲೇ ಗುಡ್ಡೆ ಹಾಕಿದರೆ ಅದರ ಬುಡ ಮೂರೂವರೆ ಮೀಟರಿಗೂ ಮೇಲೆ ಹರಡುತ್ತದೆ. ತೆಗೆದ ಮಣ್ಣು ಟ್ರೆಂಚಿನ ಅಂಚಿನಿಂದ ಒಂದೂವರೆ ಮೀಟರ್, ಇಲ್ಲವೇ ಆಳದ ಅರ್ಧ, ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು ಅನ್ನುವುದು ಸುರಕ್ಷತೆಯ ನಿಯಮ. ಮೂರನ್ನೂ ಕೂಡಿಸಿ ನೋಡಿ. ಗಲ್ಲಿ ಮುಗಿದೇ ಹೋಯಿತು!

ಇದನ್ನು ನಾನು ಕಾಗದದ ಮೇಲೆ ಮಾಡಲಿಲ್ಲ, ಗಲ್ಲಿಯಲ್ಲೇ ಮಾಡಿದೆ. ಎರಡನೇ ದಿನ ಬೆಳಿಗ್ಗೆ ಒಬ್ಬ ಅಜ್ಜಿ ರಂಗೋಲಿ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು. "ಏನಪ್ಪಾ, ಚಾಮುಂಡಿ ಬೆಟ್ಟಕ್ಕೆ ನಾವು ಹೋಗ್ತಿದ್ವಿ. ಈಗ ಬೆಟ್ಟನೇ ನಮ್ಮನೆ ಬಾಗ್ಲಿಗೆ ತಂದಿಟ್ಯಲ್ಲಾ." ನಗುವ ಹಾಗೂ ಇಲ್ಲ, ಉತ್ತರ ಕೊಡುವ ಹಾಗೂ ಇಲ್ಲ. ಹಲಗೆ ಹಾಕಿಸಿ ಕೈಹಿಡಿದು ದಾಟಿಸಿದೆ.

ಅದೇ ವಾರ ರಾತ್ರಿ ಒಂದು ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಗುಡ್ಡೆಗೂ ಟ್ರೆಂಚಿಗೂ ನಡುವೆ, ಅಂಚಿಗೆ ಸಮಾನಾಂತರವಾಗಿ, ಬೆರಳು ತೂರುವಷ್ಟು ಬಿರುಕು ಆರೇಳು ಮೀಟರ್ ಉದ್ದಕ್ಕೆ ಹೋಗಿತ್ತು. ಜಾಗ ಇಲ್ಲ ಅಂತ ಗುಡ್ಡೆಯನ್ನು ಅಂಚಿಗೆ ಒತ್ತಿದ್ದು ನಾನೇ. ಯಾರನ್ನೂ ಇಳಿಯಲು ಬಿಡಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ನಮ್ಮ ಕಣ್ಣೆದುರೇ ಆ ಪಕ್ಕ ಕುಸಿದು ಹಿಂದಿನ ದಿನ ಕೂರಿಸಿದ್ದ ಪೈಪಿನ ಮೇಲೆ ಬಿತ್ತು. ಪೈಪು ಹೋಯಿತು. ಅರ್ಧ ಗಂಟೆ ಮುಂಚೆ ಇಬ್ಬರು ಹುಡುಗರು ಇಳಿಯಲು ಏಣಿ ಹಿಡಿದು ನಿಂತಿದ್ದರು. ಅವತ್ತು ತಿಂಡಿ ಸೇರಲಿಲ್ಲ.

ಆಮೇಲೆ ಕೆಲಸದ ಕ್ರಮವನ್ನೇ ತಿರುವಿ ಹಾಕಿದೆ. ಮೊದಲು ಎಷ್ಟು ತೋಡಬಹುದು ಅಂತ ಕೇಳುತ್ತಿದ್ದೆ. ಈಗ ಇವತ್ತು ಎಷ್ಟು ಮಣ್ಣು ಗಲ್ಲಿ ದಾಟಬಹುದು ಅಂತ ಕೇಳಿಕೊಂಡು, ಅಷ್ಟೇ ತೋಡಿಸುವುದು. ದಿನಕ್ಕೆ 25 ಮೀಟರ್ ಅಂದರೆ ಉಬ್ಬಿದ ಮೇಲೆ 62 ಘನ ಮೀಟರ್. 6 ಘನ ಮೀಟರ್ ಹಿಡಿಯುವ ಆರು ಚಕ್ರದ ಟಿಪ್ಪರಿನಲ್ಲಿ ಹತ್ತು ಲೋಡು. ತುಂಬಿ, ರಿಂಗ್ ರಸ್ತೆ ದಾಟಿ ಸುರಿದು, ವಾಪಸು ಬರಲು ಒಂದೂವರೆ ಗಂಟೆ. ಎರಡು ಟಿಪ್ಪರಿಗೆ ಎಂಟು ಗಂಟೆಯಲ್ಲಿ ಹತ್ತು ಲೋಡು ಸರಿಹೋಗುತ್ತದೆ, ಕಾಗದದಲ್ಲಿ. ಶಾಲೆ ಬಿಡುವ ಹೊತ್ತಿಗೆ ಗಲ್ಲಿ ಬಾಯಲ್ಲಿ ಒಂದು ವ್ಯಾನು ನಿಂತರೆ ಒಂದೂವರೆ ಎರಡಾಗುತ್ತದೆ, ಹತ್ತು ಎಂಟಾಗುತ್ತದೆ, ಎರಡು ಲೋಡು ರಾತ್ರಿಯಿಡೀ ಯಾರದೋ ಗೇಟಿನ ಮುಂದೆ.

ಅದಕ್ಕೆ ಸಿಕ್ಕ ದಾರಿ ಟ್ರ್ಯಾಕ್ಟರ್. ಟ್ರೇಲರಿಗೆ ಹಿಡಿಸುವುದು ಟಿಪ್ಪರಿನ ಅರ್ಧ. ಆದರೆ ಟಿಪ್ಪರ್ ತಿರುಗದ ಕಡೆ ಅದು ತಿರುಗುತ್ತದೆ. ಅರ್ಧ ಕಿಲೋಮೀಟರಿನೊಳಗೆ ಒಂದು ಖಾಲಿ ಸೈಟನ್ನು ಮಾಲೀಕರ ಹತ್ತಿರ ಬರೆಸಿಕೊಂಡು ಬಾಡಿಗೆಗೆ ಹಿಡಿದೆ. ಹಗಲು ಟ್ರ್ಯಾಕ್ಟರಿನಲ್ಲಿ ಅಲ್ಲಿಗೆ, ರಾತ್ರಿ ಅಲ್ಲಿಂದ ಟಿಪ್ಪರಿನಲ್ಲಿ ಹೊರಗೆ. ಎರಡು ಸಲ ತುಂಬುವ ಖರ್ಚು ಹೆಚ್ಚಾಯಿತು ನಿಜ, ಆದರೆ ಜೆಸಿಬಿ ಸುಮ್ಮನೆ ನಿಲ್ಲುವುದು ತಪ್ಪಿತು. ದಸರಾಕ್ಕೆ ಮುಂಚೆ ರಸ್ತೆ ಮುಚ್ಚಿಕೊಡಬೇಕಾದ ಊರಿನಲ್ಲಿ ನಿಂತ ಜೆಸಿಬಿಯೇ ದುಬಾರಿ.

ಯಾದಗಿರಿ ಕಡೆಯ ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು, "ಎಲ್ಲಾ ಮಣ್ಣು ಕಳಸಬ್ಯಾಡ್ರಿ ಸರ, ಮುಂದ ಬೇಕಾಗ್ತದ." ನಾನು ಕೇಳಲಿಲ್ಲ. ಅಷ್ಟೆತ್ತರದ ಗುಡ್ಡೆ ಕಂಡಾಗ ಕಡಿಮೆ ಬೀಳುತ್ತದೆ ಅಂತ ಯಾರಿಗೆ ಅನ್ನಿಸುತ್ತದೆ? ಮೊದಲ 60 ಮೀಟರಿನ ಮಣ್ಣನ್ನೆಲ್ಲ ಹೊರಗೆ ಹಾಕಿ, ಕೊನೆಗೆ ಮುಚ್ಚಲು ದುಡ್ಡು ಕೊಟ್ಟು ಗ್ರಾವೆಲ್ ತರಿಸಿದೆ. ಲೆಕ್ಕ ಆಮೇಲೆ ಹೊಳೆಯಿತು. ಮೀಟರಿಗೆ ತೋಡಿದ 2 ಘನ ಮೀಟರಿನಲ್ಲಿ ಪೈಪು ಮತ್ತು ಸುತ್ತಲಿನ ಎಂ-ಸ್ಯಾಂಡಿಗೆ (ಕಲ್ಲು ಪುಡಿ ಮಾಡಿದ ಮರಳು) 0.6, ಮೇಲೆ ಜೆಲ್ಲಿ-ಡಾಂಬರಿಗೆ 0.3 ಹೋದರೆ ಉಳಿದ 1.1ಕ್ಕೆ ಮಣ್ಣೇ ಬೇಕು. ಅದನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿದರೆ ನೆಲದಲ್ಲಿ ಮೊದಲಿದ್ದದ್ದಕ್ಕಿಂತಲೂ ಬಿಗಿಯಾಗಿ ಕೂರುತ್ತದೆ, ಹಾಗಾಗಿ 1.2ರಷ್ಟು ಇಟ್ಟುಕೊಳ್ಳಬೇಕು. ಅಂದರೆ ತೆಗೆದದ್ದರಲ್ಲಿ ಅರ್ಧಕ್ಕೂ ಹೆಚ್ಚು ವಾಪಸು ಬರುವ ಮಣ್ಣು.

ವಾಪಸು ಬರಬೇಕಾದರೆ ಅದು ಕೆಡಬಾರದು. ಸೈಟಿನಲ್ಲಿ ನಾಲ್ಕು ಗುಡ್ಡೆ ಮಾಡಿಸಿದೆ: ಡಾಂಬರು-ಜೆಲ್ಲಿ ಒಂದು, ಒಳ್ಳೇ ಕೆಂಪು ಮಣ್ಣು ಒಂದು (ಇದಕ್ಕೆ ಮಾತ್ರ ಟಾರ್ಪಾಲು), ಕಲ್ಲು ಒಂದು, ಹಳೇ ಪೈಪಿನ ಸುತ್ತ ನೆನೆದು ಕಪ್ಪಾಗಿದ್ದ ಗೊಚ್ಚೆ ಒಂದು. ಈ ಗೊಚ್ಚೆಯನ್ನು ಗಲ್ಲಿಯಲ್ಲಿ ಒಂದು ಗಂಟೆಯೂ ಇಡುವ ಹಾಗಿಲ್ಲ. ಮೇಲೆ ಸುಣ್ಣ ಎರಚಿ ಮೊದಲು ಅದನ್ನೇ ಸಾಗಿಸುತ್ತಿದ್ದೆವು. ಬೇರ್ಪಡಿಸುವುದು ನನ್ನ ಶಿಸ್ತೇನಲ್ಲ. ದಿನಕ್ಕೆ 20 ಟನ್ನಿಗಿಂತ ಹೆಚ್ಚು ತ್ಯಾಜ್ಯ ತೆಗೆಯುವವರು ಬೇರ್ಪಡಿಸಲೇಬೇಕು ಅಂತ 2016ರ ಕಟ್ಟಡ ತ್ಯಾಜ್ಯ ನಿಯಮದಲ್ಲೇ ಇತ್ತು. ನಮ್ಮ 25 ಮೀಟರಿನ ಮಣ್ಣು 80 ಟನ್ ದಾಟುತ್ತದೆ.

ಇನ್ನೊಂದು ಪೆಟ್ಟು ಬಿದ್ದದ್ದು ಟಿಪ್ಪರಿನಿಂದ. ಒಬ್ಬ ಡ್ರೈವರು ಡೀಸೆಲ್ ಉಳಿಸಲು ಮೂರು ಲೋಡನ್ನು ರಾಜಕಾಲುವೆಯ ದಂಡೆಗೆ ಸುರಿದು ಬಂದಿದ್ದ. ಮಳೆ ಬಂದಿದ್ದರೆ ಕಾಲುವೆ ಕಟ್ಟಿಕೊಂಡು ಪಕ್ಕದ ಮನೆಗಳಿಗೆ ನೀರು ನುಗ್ಗುತ್ತಿತ್ತು. ನನ್ನ ದುಡ್ಡಿನಲ್ಲೇ ಎತ್ತಿಸಿದೆ. ಅವತ್ತಿನಿಂದ ಟ್ರಿಪ್ ಶೀಟಿಗೆ ಎರಡು ಸಹಿ: ತುಂಬಿಸಿದ ಕಡೆ ನಮ್ಮ ಹುಡುಗನದು, ಸುರಿದ ಕಡೆ ಜಾಗದವರದು. ಎರಡನೇ ಸಹಿ ಇಲ್ಲದ ಟ್ರಿಪ್ಪಿಗೆ ಬಾಡಿಗೆ ಇಲ್ಲ. ತಗ್ಗು ಸೈಟಿನವರು ಮಣ್ಣು ಬೇಕು ಅಂತ ಫೋನು ಮಾಡುತ್ತಾರೆ. ಜಾಗ ಅವರದೇನಾ, ಕೆರೆ ಅಂಗಳವಾ ಅಂತ ಒಂದು ಸಲ ಹೋಗಿ ನೋಡಿಕೊಂಡು ಬರದೆ ಒಪ್ಪುವುದಿಲ್ಲ.

ಬಿಲ್ಲಿನ ವಿಷಯ ಮಾತ್ರ ಇನ್ನೂ ಉರಿಯುತ್ತದೆ. ನಮಗೆ ದುಡ್ಡು ಕೊಡಲು ನೋಡುವ ಅಳತೆ ಪುಸ್ತಕಕ್ಕೆ ಹತ್ತುವುದು ಟ್ರೆಂಚಿನ ಉದ್ದ-ಅಗಲ-ಆಳ. ಟಿಪ್ಪರ್ ಮಾಲೀಕ ಕೇಳುವುದು ಲೋಡಿನ ಲೆಕ್ಕ. ನಡುವೆ ಉಬ್ಬಿದ ಆ ನೂರಕ್ಕೆ 25 ನನ್ನ ಜೇಬಿನಿಂದ. ಈಗ ರೇಟು ಕೊಡುವ ಮುಂಚೆ ಗಲ್ಲಿಯಲ್ಲಿ ಟೇಪು ಹಿಡಿಯುತ್ತೇನೆ, ಖಾಲಿ ಸೈಟು ಎಲ್ಲಿದೆ ಅಂತ ಹುಡುಕುತ್ತೇನೆ, ಆಮೇಲೆ ಪೈಪಿನ ಅಂಗಡಿಗೆ ಫೋನು.