ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಸಿಗುತ್ತಿಲ್ವಾ? ತಪ್ಪು ಹುಡುಕುವುದು ಹೀಗೆ

ಸೈಟಿಗೆ ಎಚ್‌ಟಿಟಿಪಿಎಸ್ ಬೇಕೆಂದು, ಸರ್ಟಿಫಿಕೇಟ್ ತಂದುಕೊಡುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಮನ್ನು ಸರ್ವರ್‌ನಲ್ಲಿ ಓಡಿಸಿದಿರಿ, ಎರರ್ ಬಂತು. ಇನ್ನೊಮ್ಮೆ ಓಡಿಸಿದಿರಿ, ಮತ್ತದೇ. ಮೂರನೇ ಸಲ ಎಂಟರ್ ಒತ್ತುವ ಮುಂಚೆ ಸ್ವಲ್ಪ ತಡೆಯಿರಿ. ಡೊಮೇನ್ ನಿಮ್ಮದೇ ಎಂದು ನೋಡುವ ಪರೀಕ್ಷೆ ಒಂದೇ ಹೆಸರಿಗೆ ಗಂಟೆಯೊಳಗೆ 5 ಸಲ ಫೇಲಾದರೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್ ನಿಮ್ಮ ಕೋರಿಕೆಯನ್ನೇ ತೆಗೆದುಕೊಳ್ಳುವುದಿಲ್ಲ. ಆಮೇಲೆ ತಪ್ಪು ಸರಿಮಾಡಿದರೂ ಸುಮ್ನೆ ಕಾಯಬೇಕು. ಅದಕ್ಕೇ ಎಲ್ಲ ಸರಿಹೋಗುವವರೆಗೆ ಡ್ರೈ ರನ್ (--dry-run) ಆಯ್ಕೆ ಹಾಕಿಯೇ ಓಡಿಸಿ. ಅದು ಹೋಗುವುದು ಪ್ರಯೋಗದ ಸರ್ವರ್‌ಗೆ, ಅಲ್ಲಿ ಮಿತಿ ಸಡಿಲ.

ಒಳಗೆ ನಡೆಯುವುದು ಇಷ್ಟೇ. ‘ಈ ಡೊಮೇನ್ ನನ್ನದು’ ಎಂದು ನೀವು ಹೇಳುತ್ತೀರಿ. ಲೆಟ್ಸ್ ಎನ್‌ಕ್ರಿಪ್ಟ್‌ನವರು ಒಂದು ಟೋಕನ್, ಅಂದರೆ ಗುರುತಿನ ಅಕ್ಷರಸಾಲು, ಕೊಡುತ್ತಾರೆ. ಸರ್ಟ್‌ಬಾಟ್ ಅದನ್ನು ನಿಮ್ಮ ಸೈಟಿನ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಅವರ ಯಂತ್ರ ನಿಮ್ಮ ಸರ್ವರಿನ 80ನೇ ಪೋರ್ಟ್‌ಗೆ, ಅಂದರೆ ಸಾಮಾನ್ಯ ಎಚ್‌ಟಿಟಿಪಿ ಬಾಗಿಲಿಗೆ, ಬಂದು ಅದನ್ನು ಓದುತ್ತದೆ. ಬರುವ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಅಷ್ಟೇ.

ಎಲ್ಲಿ ಅಂತ ಎರರ್ ಸಂದೇಶವೇ ಹೇಳುತ್ತದೆ. ಎನ್‌ಎಕ್ಸ್‌ಡೊಮೇನ್ ಎಂದಿದ್ದರೆ ಆ ಹೆಸರೇ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆಯಲ್ಲಿ) ಇಲ್ಲ. ಟೈಮ್‌ಔಟ್ ಎಂದರೆ ಹೆಚ್ಚಾಗಿ ಫೈರ್‌ವಾಲ್. ಕನೆಕ್ಷನ್ ರೆಫ್ಯೂಸ್ಡ್ ಎಂದರೆ ಯಂತ್ರದವರೆಗೆ ಬಂದರು, 80ರಲ್ಲಿ ಯಾರೂ ಇರಲಿಲ್ಲ. ವೆಬ್ ಸರ್ವರ್ ಓಡುತ್ತಿದೆಯಾ ನೋಡಿ. 404 ಎಂದರೆ ಸರ್ವರ್ ಸಿಕ್ಕಿತು, ಫೈಲ್ ಸಿಗಲಿಲ್ಲ.

ಸಂದೇಶದಲ್ಲಿ ಒಂದು ಐಪಿ ವಿಳಾಸವೂ ಇರುತ್ತದೆ. ಜಾಸ್ತಿ ಜನ ಅದನ್ನು ಓದುವುದೇ ಇಲ್ಲ. ಅದು ನಿಮ್ಮ ಸರ್ವರಿನದ್ದೇನಾ? ನಾನೇ ಒಮ್ಮೆ ಇದನ್ನು ನೋಡದೆ ಅರ್ಧ ದಿನ ಕಳೆದಿದ್ದೇನೆ. ಸರ್ವರ್ ಬದಲಿಸುವಾಗ ಡಿಎನ್‌ಎಸ್‌ನಲ್ಲಿ ಐಪಿವಿ4 ವಿಳಾಸ ಇರುವ ಎ ರೆಕಾರ್ಡ್ ತಿದ್ದಿದ್ದೆ, ಐಪಿವಿ6ಗೆ ಇರುವ ಎಎಎಎ (AAAA) ರೆಕಾರ್ಡನ್ನು ಮರೆತಿದ್ದೆ. ನನ್ನ ಬ್ರೌಸರ್ ಐಪಿವಿ4ರಲ್ಲಿ ಹೋಗಿ ಸೈಟನ್ನು ಚೆನ್ನಾಗಿಯೇ ತೋರಿಸುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಮಾತ್ರ ಐಪಿವಿ6 ಇದ್ದರೆ ಮೊದಲು ಅದನ್ನೇ ಹಿಡಿಯುತ್ತದೆ. ಹಾಗಾಗಿ ಹಳೆಯ ಯಂತ್ರದ ಬಾಗಿಲು ತಟ್ಟಿ 404 ತರುತ್ತಿತ್ತು. ಡಿಗ್ ಕಮಾಂಡಿನಿಂದ ಎರಡೂ ರೆಕಾರ್ಡ್ ನೋಡಿ. ಐಪಿವಿ6 ಬಳಸುವುದಿಲ್ಲವೆಂದರೆ ಆ ರೆಕಾರ್ಡನ್ನು ಅಳಿಸಿಬಿಡಿ.

ಟೈಮ್‌ಔಟ್ ಬಂದಿದ್ದರೆ ಎರಡು ಕಡೆ ಹುಡುಕಬೇಕು. ಸರ್ವರ್ ಒಳಗಿನ ಫೈರ್‌ವಾಲ್ ಒಂದು, ಕ್ಲೌಡ್ ಕಂಪನಿಯ ಕನ್ಸೋಲ್‌ನಲ್ಲಿರುವುದು ಇನ್ನೊಂದು. ಎರಡನೆಯದನ್ನು ಮರೆಯುವವರೇ ಜಾಸ್ತಿ. ‘ನನ್ನದು ಬರೀ ಎಚ್‌ಟಿಟಿಪಿಎಸ್, 80 ಯಾಕೆ’ ಎಂದು ಮುಚ್ಚಬೇಡಿ. ಈ ಪರೀಕ್ಷೆ ಶುರುವಾಗುವುದೇ 80ರಲ್ಲಿ. ಅಲ್ಲಿಂದ ಎಚ್‌ಟಿಟಿಪಿಎಸ್‌ನ 443ಕ್ಕೆ ರೀಡೈರೆಕ್ಟ್ ಮಾಡಿದ್ದರೆ ತೊಂದರೆಯಿಲ್ಲ, ಅಲ್ಲಿ ಅವಧಿ ಮುಗಿದ ಸರ್ಟಿಫಿಕೇಟ್ ಇದ್ದರೂ ಸರಿ. ಕೆಲವು ದೇಶಗಳ ಸಂಪರ್ಕವನ್ನು ತಡೆಹಿಡಿದಿದ್ದರೆ ಅದನ್ನೂ ತೆರೆಯಿರಿ. 2020ರಿಂದ ಒಂದೇ ಪರೀಕ್ಷೆ ಹಲವು ಜಾಗಗಳಿಂದ ನಡೆಯುತ್ತದೆ.

404 ಆದರೆ, ಟೋಕನ್ ಇಡುವ ಜಾಗದಲ್ಲಿ, ಅಂದರೆ ಡಾಟ್ ವೆಲ್-ನೋನ್ ಫೋಲ್ಡರಿನೊಳಗಿನ ಆಕ್ಮಿ-ಚಾಲೆಂಜ್‌ನಲ್ಲಿ (.well-known/acme-challenge), ಒಂದು ಪುಟ್ಟ ಫೈಲ್ ಇಟ್ಟು ಬೇರೆ ನೆಟ್‌ವರ್ಕ್‌ನಿಂದ, ಉದಾಹರಣೆಗೆ ಮೊಬೈಲ್ ಡೇಟಾದಲ್ಲಿ, ತೆರೆದು ನೋಡಿ. ಕಾಣಿಸದಿದ್ದರೆ ನೀವು ಸರ್ಟ್‌ಬಾಟ್‌ಗೆ ಕೊಟ್ಟ ವೆಬ್‌ರೂಟ್ (ಸೈಟಿನ ಫೈಲುಗಳಿರುವ ಮೂಲ ಫೋಲ್ಡರ್) ಬೇರೆ, ಸರ್ವರ್ ಬಳಸುತ್ತಿರುವುದು ಬೇರೆ ಇರಬಹುದು. ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳನ್ನೆಲ್ಲ ತಡೆಯುವ ನಿಯಮವೂ ಇರಬಹುದು. ಭದ್ರತೆಗೆಂದು ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಅದನ್ನು ಹಾಕಿಕೊಳ್ಳುವ ರೂಢಿಯಿದೆ. ಈ ಒಂದು ಫೋಲ್ಡರಿಗೆ ವಿನಾಯಿತಿ ಬರೆಯಿರಿ.

ಎಲ್ಲ ಸಬ್‌ಡೊಮೇನ್‌ಗಳಿಗೂ ಸೇರಿಸಿ ವೈಲ್ಡ್‌ಕಾರ್ಡ್ ಕೇಳುತ್ತಿದ್ದರೆ ಈ ದಾರಿ ನಡೆಯುವುದೇ ಇಲ್ಲ. ಟೋಕನ್ನಿನಿಂದ ಲೆಕ್ಕಹಾಕಿದ ಮೌಲ್ಯವನ್ನು ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಹಾಕಬೇಕು. ಎರರ್‌ನಲ್ಲಿ ಸಿಎಎ (ಯಾರು ಸರ್ಟಿಫಿಕೇಟ್ ಕೊಡಬಹುದು ಎಂದು ಹೇಳುವ ಡಿಎನ್‌ಎಸ್ ರೆಕಾರ್ಡ್) ಎಂದಿದ್ದರೆ, ಆ ರೆಕಾರ್ಡಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ಗೂ ಅನುಮತಿ ಬರೆಯಿರಿ.

ಡ್ರೈ ರನ್ ಪಾಸಾಯಿತೇ? ಆ ಆಯ್ಕೆ ತೆಗೆದು ಅದೇ ಕಮಾಂಡ್ ಓಡಿಸಿ. ಸರ್ಟಿಫಿಕೇಟ್ ಬಂದ ಮೇಲೂ ಬ್ರೌಸರ್ ಹಳೆಯದನ್ನೇ ತೋರಿಸಿದರೆ ವೆಬ್ ಸರ್ವರನ್ನು ಒಮ್ಮೆ ರೀಲೋಡ್ ಮಾಡಿ.