ಹಳೇ ಬಿಎಂಎಕ್ಸ್‌ನ ಹಿಂದಿನ ಬ್ರೇಕ್ ಕೊನೆಗೂ ಸರಿಯಾಯ್ತು

ಹುಡುಗನಾಗಿದ್ದಾಗ ಓಡಿಸುತ್ತಿದ್ದ 20 ಇಂಚಿನ ಫ್ರೀಸ್ಟೈಲ್ ಬಿಎಂಎಕ್ಸ್, ಅಂದರೆ ಕಸರತ್ತಿನ ಪುಟ್ಟ ಸೈಕಲ್ಲು, ಮತ್ತೆ ರಸ್ತೆಗಿಳಿದಿದೆ. ಟೈರು, ಟ್ಯೂಬು, ಚೈನು ಹೊಸದು ಹಾಕಿದ್ದರಲ್ಲಿ ಹೇಳುವಂಥದ್ದೇನಿಲ್ಲ. ಸತಾಯಿಸಿದ್ದು ಕ್ರ್ಯಾಂಕು ಮತ್ತು ಹಿಂದಿನ ಬ್ರೇಕು.

ಇದರ ಕ್ರ್ಯಾಂಕು, ಅಂದರೆ ಎರಡು ಪೆಡಲೂ ಕೂರುವ ತೋಳು, ಒಂದೇ ಉಕ್ಕಿನ ತುಂಡು. ಎಡ ಪೆಡಲು, ಆ ಬದಿಯ ಲಾಕ್‌ನಟ್, ಅದರ ಒಳಗೆ ಬೇರಿಂಗ್ ಒತ್ತಿ ಹಿಡಿಯುವ ಕೋನ್, ಮೂರಕ್ಕೂ ಉಲ್ಟಾ ಥ್ರೆಡ್ಡು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೇ ಬಿಚ್ಚುವುದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆ 'ಕಟ್' ಅಂತ ಬಿಟ್ಟುಕೊಂಡಿತು. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ಲನ್ನು ನೀರಲ್ಲಿ ಅದ್ದಿ ಉಜ್ಜಿದ್ದೇ ಸಾಕಾಯ್ತು.

ನಿಜವಾದ ತಲೆನೋವು ರೋಟರ್. ಹ್ಯಾಂಡಲ್ ಪೂರ್ತಿ ಸುತ್ತಿದರೂ ಹಿಂದಿನ ಬ್ರೇಕಿನ ಕೇಬಲ್ ಸಿಕ್ಕಿಕೊಳ್ಳದಂತೆ ಫೋರ್ಕಿನ ಕತ್ತಿನಲ್ಲಿ ಕೂರುವ ಬೇರಿಂಗ್ ಬಿಲ್ಲೆ ಅದು. ನನ್ನದು ಒಂದು ಕಡೆ ವಾಲಿ ಗಡಗಡ ಅನ್ನುತ್ತಿತ್ತು; ಲಿವರ್ ಒತ್ತಿದರೆ ಅರ್ಧ ಬಲ ಆ ವಾಲುವಿಕೆಯಲ್ಲೇ ಪೋಲು. ಬೇರಿಂಗ್ ಹೋಗಿದೆ ಅಂತ ಯಾರಿಗಾದರೂ ಅನಿಸಬೇಕು, ಆದರೆ ಅದು ಚೆನ್ನಾಗಿಯೇ ಇತ್ತು. ಲಿವರ್‌ನಿಂದ ಬಂದು ಎರಡಾಗಿ ಕವಲೊಡೆದು ಬಿಲ್ಲೆಯ ಎರಡೂ ಬದಿ ಎಳೆಯುವ ಮೇಲಿನ ಕೇಬಲ್‌ನ ಒಂದು ಕವಲು ತುಕ್ಕು ಹಿಡಿದು ಬಿಗಿಯಾಗಿತ್ತು. ಮೇಲಿನ ಕೇಬಲ್ ಬದಲಿಸಿ, ಕೆಳಗಿನ ಜೋಡಿಗೆ ಎಣ್ಣೆ ಬಿಟ್ಟು, ಎಲ್ಲ ಅಡ್ಜಸ್ಟರ್ ಸಡಿಲಿಸಿದೆ. ಆಮೇಲೆ ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು ಬಿಗಿ ಮಾಡುತ್ತಾ ಬಿಲ್ಲೆಯನ್ನು ಮಟ್ಟಕ್ಕೆ ತಂದೆ. ಇದಕ್ಕೆ ತಾಳ್ಮೆ ಬಿಟ್ಟರೆ ಬೇರೆ ಟೂಲ್ ಇಲ್ಲ.

ಈಗ ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಬ್ರೇಕು ಒಂದೇ ಹದದಲ್ಲಿ ಹಿಡಿಯುತ್ತೆ. ಮಾಸಿದ ಪೇಂಟು, ಸ್ಟಿಕ್ಕರ್ ಮಾತ್ರ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.