ಗೋ ಆಟ: ನಿಯಮ ಕಲಿತಾಯಿತು, ಮುಂದೇನು?

ಕಪ್ಪು, ಬಿಳಿ ಕಾಯಿಗಳಿಂದ ಮಣೆಯ ಜಾಗ ಸುತ್ತುವರಿಯುವ ಗೋ ಆಟದ ನಿಯಮ ಕಲಿಯಲು ಅರ್ಧ ಗಂಟೆ ಸಾಕು. ಕಷ್ಟ ಶುರುವಾಗುವುದು ಆಮೇಲೆ. ಕಾಯಿಗಳನ್ನು ಗೆರೆ ಕೂಡುವಲ್ಲಿ ಒಂದೊಂದಾಗಿ ಇಡುತ್ತಾ ಹೋದರೂ ಯಾರು ಯಾರನ್ನು ಸುತ್ತುವರಿಯುತ್ತಿದ್ದಾರೆಂದು ತಿಳಿಯುವುದಿಲ್ಲ. ಆಡು-ಹುಲಿ ಆಡಿ ಬೆಳೆದವರಿಗೆ ಮಾತ್ರ ಒಂದು ಅನುಕೂಲ. ಹುಲಿಯನ್ನು ಅಲುಗದಂತೆ ಕಟ್ಟಿಹಾಕುವ ಉಪಾಯ ಅವರಿಗೆ ಆಗಲೇ ಗೊತ್ತು.

ಮೊದಲು 19 ಗೆರೆಯ ದೊಡ್ಡ ಮಣೆಯನ್ನು ಬದಿಗಿಡಿ. ಅದರ 361 ಜಾಗಗಳಲ್ಲಿ ಹೊಸಬರಿಗೆ ದಿಕ್ಕೇ ತೋಚುವುದಿಲ್ಲ. 9 ಗೆರೆಯ ಮಣೆಯಲ್ಲಿರುವುದು 81 ಜಾಗ. ಆಟ ಬೇಗ ಮುಗಿಯುತ್ತದೆ, ಎಡವಿದ್ದು ಎಲ್ಲಿ ಎಂಬುದೂ ಕೂಡಲೇ ಗೊತ್ತಾಗುತ್ತದೆ. ಸೆಟ್ ಕೊಳ್ಳಲೇಬೇಕೆಂದಿಲ್ಲ. ಅವೆನ್ಯೂ ರಸ್ತೆಯಲ್ಲಿ ದಪ್ಪನೆಯ ಡ್ರಾಯಿಂಗ್ ಹಾಳೆ, ಚಿಕ್ಕಪೇಟೆಯಲ್ಲಿ ಕಪ್ಪು, ಬಿಳಿ ಗುಂಡಿ ತಲಾ 40 ಕೊಂಡು ತಂದರೆ ಆಟ ಶುರು ಮಾಡಬಹುದು.

ಪ್ರತಿ ನಡೆಗೂ ಮುನ್ನ ಉಸಿರು ಎಣಿಸಿ. ಕಾಯಿಗೆ, ಅಥವಾ ಕೂಡಿಕೊಂಡ ಕಾಯಿಗಳ ಗುಂಪಿಗೆ, ಗೆರೆಗುಂಟ ತಾಗಿರುವ ಖಾಲಿ ಜಾಗಗಳೇ ಅದರ ಉಸಿರು. ಒಂದೇ ಉಳಿದರೆ ಅದು 'ಅತಾರಿ', ಮುಂದಿನ ನಡೆಯಲ್ಲಿ ಎದುರಾಳಿ ಎತ್ತಿಕೊಳ್ಳಬಹುದು. ಹೊಸಬರು ಕಾಯಿ ಕಳೆದುಕೊಳ್ಳುವುದು ಹೆಚ್ಚಾಗಿ ಇದನ್ನು ಎಣಿಸದೆಯೇ.

ಇನ್ನು ಕಣ್ಣು, ಅಂದರೆ ನಿಮ್ಮದೇ ಕಾಯಿಗಳು ಸುತ್ತುವರಿದ ಖಾಲಿ ಜಾಗ. ಗುಂಪಿನೊಳಗೆ ಬೇರೆ ಬೇರೆಯಾದ ಎರಡು ಕಣ್ಣುಗಳಿದ್ದರೆ ಅದನ್ನು ಯಾರೂ ಕೊಲ್ಲಲಾರರು. ನಿಮ್ಮ ಗುಂಪನ್ನು ಹೊರಗಿನಿಂದ ಪೂರ್ತಿ ಮುತ್ತಿದ್ದಾರೆ, ಒಳಗೆ ಸಾಲಾಗಿ ಮೂರು ಜಾಗ ಖಾಲಿ ಇವೆ ಎಂದುಕೊಳ್ಳಿ. ನಡುವಿನ ಜಾಗದಲ್ಲಿ ನೀವು ಇಟ್ಟರೆ ಎರಡು ಕಣ್ಣಾಯಿತು, ಗುಂಪು ಉಳಿಯಿತು. ಅಲ್ಲೇ ಎದುರಾಳಿ ಇಟ್ಟರೆ ಗುಂಪು ಸತ್ತಂತೆಯೇ. ಸಾಲಾಗಿ ನಾಲ್ಕಿದ್ದರೆ ಆತುರ ಬೇಡ: ನಡುವಿನ ಎರಡರಲ್ಲಿ ಒಂದನ್ನು ಅವರು ಹಿಡಿದರೆ ಇನ್ನೊಂದನ್ನು ನೀವು ಹಿಡಿಯಬಹುದು. ಅದೇ ನಾಲ್ಕು ಚೌಕವಾಗಿದ್ದರೆ, ನೀವೇ ಮೊದಲು ಇಟ್ಟರೂ ಗುಂಪು ಉಳಿಯದು. ಈ ಮೂರೂ ಆಕಾರಗಳನ್ನು ಮಣೆಯ ಮೇಲೆ ಜೋಡಿಸಿ, ಎರಡೂ ಕಡೆಯಿಂದ ಆಡಿ ನೋಡಿ. ಓದಿದ್ದಕ್ಕಿಂತ ಕೈಯಾರೆ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ.

ಇಂಥ ಅಳಿವು-ಉಳಿವಿನ ಸಮಸ್ಯೆಗಳನ್ನು ಬಿಡಿಸುವುದೇ ಮೇಲೇರುವ ನಿಜವಾದ ದಾರಿ ಎಂಬುದು ನನ್ನ ದೃಢ ನಂಬಿಕೆ. ಮೂಲೆಯ ಸಿದ್ಧ ನಡೆಗಳನ್ನು ಉರುಹೊಡೆಯುವುದು ಈಗ ಬೇಡವೇ ಬೇಡ. ಮೊಬೈಲಿನಲ್ಲಿ ಸಮಸ್ಯೆಗಳು ಉಚಿತವಾಗಿ ಸಿಗುತ್ತವೆ. ವೈಟ್‌ಫೀಲ್ಡ್ ಮೆಟ್ರೊದಲ್ಲಿ ಸೀಟು ಸಿಕ್ಕರೆ ನಾಲ್ಕಾರು ಬಿಡಿಸಬಹುದು. ಒಂದೇ ಕಟ್ಟುನಿಟ್ಟು: ಉತ್ತರ ಮನಸ್ಸಿನಲ್ಲಿ ಕೊನೆಯ ನಡೆಯವರೆಗೂ ಮೂಡುವ ತನಕ ಪರದೆ ಮುಟ್ಟಬೇಡಿ. ಒತ್ತಿ ನೋಡಿ ಊಹಿಸುವವರಿಗೆ ಮುಂದಾಲೋಚನೆ ಬೆಳೆಯುವುದಿಲ್ಲ.

ಚಿಕ್ಕ ಮಣೆ ಕೈಗೆ ಹತ್ತಿದ ಮೇಲೆ 13 ಗೆರೆ, ನಂತರ 19. ಅಲ್ಲಿ ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡುಭಾಗ. ಮೂಲೆಯಲ್ಲಿ ಮಣೆಯ ಎರಡು ಅಂಚುಗಳೇ ಬೇಲಿಯಾಗುವುದರಿಂದ ಕಡಿಮೆ ಕಾಯಿಗೆ ಹೆಚ್ಚು ಜಾಗ ದಕ್ಕುತ್ತದೆ.

ಸೋತ ಆಟವನ್ನು ಹಾಗೇ ಬಿಡಬೇಡಿ. ಎದುರಾಳಿಯ ಜೊತೆ ಮೊದಲ ಮೂವತ್ತು ನಡೆಗಳನ್ನು ಮತ್ತೆ ಜೋಡಿಸಿ, 'ಇಲ್ಲಿ ನೀವು ಏನು ನೋಡಿದಿರಿ?' ಎಂದು ಕೇಳಿ. 2016ರಲ್ಲಿ ಕೊರಿಯಾದ ಅಗ್ರ ಆಟಗಾರ ಲೀ ಸೆಡಾಲ್ ಅವರನ್ನು ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ 4-1ರಿಂದ ಸೋಲಿಸಿದ ನಂತರದ ವರ್ಷಗಳಲ್ಲಿ ಕಂಪ್ಯೂಟರ್ ವಿಶ್ಲೇಷಣೆ ಎಲ್ಲರ ಕೈಗೂ ಬಂದಿದೆ. ಆದರೆ ಅದು ತೋರಿಸುವ ಗೆಲುವಿನ ಶೇಕಡಾವಾರು ಸಾಧ್ಯತೆಯಿಂದ ಹೊಸಬರಿಗೆ ಕಾರಣ ತಿಳಿಯದು. ಎದುರಿಗೆ ಕೂತ ಮನುಷ್ಯ ಬಿಡಿಸಿ ಹೇಳಬಲ್ಲ.

ನಿಮಗಿಂತ ಬಲಶಾಲಿ ಸಿಕ್ಕರೆ ಸಂಕೋಚವಿಲ್ಲದೆ ಮುಂಗಡ ಕಾಯಿ, ಅಂದರೆ ಆಟಕ್ಕೆ ಮೊದಲೇ ಮಣೆಯ ಮೇಲೆ ನಿಮ್ಮ ಪರವಾಗಿ ಇಡುವ ಕಾಯಿ, ಕೇಳಿ. ದೊಡ್ಡ ಮಣೆಯಲ್ಲಿ ಎರಡರಿಂದ ಒಂಬತ್ತರವರೆಗೆ ಕೊಡುವ ರೂಢಿಯಿದೆ. ಸತತವಾಗಿ ಗೆಲ್ಲತೊಡಗಿದಾಗ ಒಂದು ಕಾಯಿ ಕಡಿಮೆ ಮಾಡಿಕೊಳ್ಳಿ.